ಶಿಕ್ಕಾ ಬಿದ್ದ ಮಶೀನು

ಸೋಮ ತಾಯಿಯ ಮಡಿಲಿಗೆ ನಾಣ್ಯ ಸುರಿದಾಗ ಕಮಲಿ ಹಿತ್ತಿಲಲ್ಲಿ ಬಂಗಡೆ ಕೊಯ್ಯುತ್ತ ಕೂತಿದ್ದಳು. ಝಣಝಣ ಸದ್ದು ಕೇಳಿ ಮೀನಿನ ಕೈಯಲ್ಲೇ ಒಳಗೆ ಬಂದಳು. ಅತ್ತೆಯ ಸೀರೆಯ ತುಂಬ ಒಂದೊಂದು ರೂಪಾಯಿಯ ನಾಣ್ಯ. ಗಂಡ ಕೋಳಿ ಅಂಕದಲ್ಲಿ ಗೆದ್ದ ಹುಂಜದ ಹಾಗೆ ಎದೆಯುಬ್ಬಿಸಿ ನಿಂತಿದ್ದ.

"ಎಂತದೋ ಇದು? ದೇವಸ್ಥಾನದ ಹುಂಡಿ ಒಡ್ದ್ಯಾ?" ಎಂದು ಈರಮ್ಮ ಕೇಳಿದಳು.

"ಮಶೀನು ಕೊಡ್ತು, ಅವ್ವಿ. ಮಹಾಬಲನ ಸೋಡಾ ಅಂಗಡಿಗೆ ಹೊಸಾದು ಬಂದದೆ. ಒಂದು ರೂಪಾಯಿ ಹಾಕಿ ಹಿಡಿಕೆ ಜಗ್ಗೂದು. ಮೂರು ಚಕ್ರ ತಿರುಗ್ತದೆ. ಮೂರರಲ್ಲೂ ಮಾವಿನಹಣ್ಣು ಬಂದು ನಿಂತ್ರೆ ಬಿದ್ದದ್ದೆಲ್ಲ ನಮ್ದು."

"ಮಾವಿನಹಣ್ಣು ಬೀಳ್ತದ್ಯಾ?" ಎಂದಳು ಮಗಳು ಬೆಳ್ಳಿ. ಅವಳಿಗಿನ್ನೂ ಎಂಟು ವರ್ಷ. ಎಲ್ಲರೂ ನಕ್ಕರು, ಕಮಲಿಯೊಬ್ಬಳು ನಗಲಿಲ್ಲ.

"ನೀವು ಎಷ್ಟು ಹಾಕಿದ್ರಿ?"

"ಬಿದ್ದದ್ದು ನೋಡು. ಹಾಕಿದ್ದು ನಿಂಗೆ ಎಂತಕ್ಕೆ?"

ಹೊನ್ನಾವರದ ಬಂದರು ಕೇರಿಯಲ್ಲಿ ಈ ಮನೆಗೆ ಒಳ್ಳೆಯ ಹೆಸರಿತ್ತು. ಸೋಮ ಚಿಕ್ಕ ವಯಸ್ಸಿಗೇ ಟ್ರಾಲರ್ ಬೋಟಿನ ತಾಂಡೇಲನಾಗಿದ್ದ. ಬೋಟು ದಣಿಯದಾದರೂ ಚುಕ್ಕಾಣಿ, ಇಂಜಿನ್ನು, ಡೀಸೆಲ್ಲು, ಜೊತೆಗೆ ಹೋದವರ ಜೀವ, ಎಲ್ಲ ತಾಂಡೇಲನ ಜವಾಬ್ದಾರಿ. ಮದುವೆಯಾಗದ ತಮ್ಮ ದಾಸ ಅದೇ ಬೋಟಿನಲ್ಲಿ ಖಲಾಸಿ. ಗಂಡ ಸತ್ತ ಮೇಲೆ ಈರಮ್ಮ ಪೇಟೆಯ ಮೂಲೆಯಲ್ಲಿ ಒಣಮೀನು ಮಾರಿ ಇಬ್ಬರನ್ನೂ ಬೆಳೆಸಿದವಳು. ಈಗಲೂ ವಾರಕ್ಕೊಮ್ಮೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕತಗಾಲಕ್ಕೆ ಹೋಗಿ ಬರುತ್ತಿದ್ದಳು. ಮನೆಯಲ್ಲಿ ನಡೆಯುವುದು ಅವಳ ಮಾತೇ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದರೆ, ನಾಲ್ಕನೆಯದನ್ನು ಮೊಲವೇ ಎಲ್ಲಾದರೂ ಅಡಗಿಸಿಕೊಳ್ಳಬೇಕು.

ಮಾರನೆಯ ದಿನ ಈರಮ್ಮ ತಾನೇ ಹೋಗಿ ಮಶೀನು ನೋಡಿಕೊಂಡು ಬಂದಳು. ಜಗಲಿಯಲ್ಲಿ ಕಾಲು ತೊಳೆಯುತ್ತ ತೀರ್ಪು ಕೊಟ್ಟಳು.

"ಹೆದರೂಕೆ ಎಂತಾ ಇಲ್ಲ, ಕಮಲಿ. ಮಶೀನಿಗೆ ಶಿಕ್ಕಾ ಬಿದ್ದದೆ. ಬಲಗಡೆ ತಗಡಿನ ಬಿಲ್ಲೆ ಹೊಡ್ದಿದ್ರು, ಮೂರು ಸಿಂಹದ್ದು. ನಾ ಕೈಯಾಡಿಸಿ ನೋಡ್ದೆ."

"ಶಿಕ್ಕಾ ಬಿದ್ರೆ ಎಂತಾಯ್ತು, ಅತ್ತೆ? ಜೂಜು ಜೂಜೇ ಅಲ್ದಾ?"

"ಶಿಕ್ಕಾ ಅಂದ್ರೆ ಎಂತ ಅಂತ ನಿಂಗೆ ಗೊತ್ತಿಲ್ಲ. ನಂಗೆ ಗೊತ್ತದೆ."

ಗೊತ್ತಿದ್ದದ್ದು ನಿಜ. ತೂಕದ ಕಲ್ಲಿನ ಅಡಿಯ ಸೀಸಕ್ಕೆ ಸರ್ಕಾರದವರು ಒತ್ತುವ ಮುದ್ರೆಗೆ ಪೇಟೆಯಲ್ಲಿ ಶಿಕ್ಕಾ ಎನ್ನುತ್ತಾರೆ. ಹಿಂದೊಮ್ಮೆ ಕುಮಟೆಯ ಸಂತೆಯಲ್ಲಿ ಶಿಕ್ಕಾ ಇಲ್ಲದ ಕಲ್ಲು ಇಟ್ಟುಕೊಂಡಿದ್ದಾಳೆಂದು ಸಾಹೇಬರು ಅವಳ ತಕ್ಕಡಿ ಎತ್ತಿಸಿದ್ದರು. ಕಲ್ಲು ಸರಿಯಾಗಿಯೇ ಇತ್ತು. ಆದರೆ ಸಂತೆಯ ಜನ ಸುತ್ತ ನಿಂತು ನೋಡಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಈರಮ್ಮ ಬಹಳ ದಿನ ಆ ಸಂತೆಗೇ ಹೋಗಲಿಲ್ಲ. ಅಲ್ಲಿಂದ ಮುಂದೆ ಅವಳಿಗೆ ದೇವರ ಪ್ರಸಾದ ಒಂದು, ಶಿಕ್ಕಾ ಇನ್ನೊಂದು. ಅದು ಬಿದ್ದದ್ದು ಸುಳ್ಳು ಹೇಳುವುದಿಲ್ಲ ಎಂದು ಅವಳು ಮನಸಾರೆ ನಂಬಿದ್ದಳು.

"ಈಗ ನುಂಗಿದ್ರೂ ಮುಂದೆ ಕೊಡ್ಲೇಬೇಕು ಅದು. ಶಿಕ್ಕಾ ಬಿದ್ದದ್ದು ನಡೂಲಿ ತಿಂದ್ಕೊಂಡ್ರೆ ಸರ್ಕಾರ ಬಿಡ್ತದ್ಯಾ?" ಎಂದಳು.

ಒಳಗೆ ಗಂಜಿ ಉಣ್ಣುತ್ತಿದ್ದ ಸೋಮನಿಗೆ ಅಷ್ಟು ಸಾಕಾಯಿತು.

ಅದು ಎಂಬತ್ತೇಳರ ಏಪ್ರಿಲ್. ಮೀನು ಕಡಿಮೆಯಾಗಿ, ಬೋಟುಗಳು ದಡ ಬಿಟ್ಟು ದೂರ ಹೋಗಬೇಕಾದ ಕಾಲ. ಬೋಟು ಬಂದೊಡನೆ ಸೋಮ ಮಹಾಬಲನ ಅಂಗಡಿಗೆ ಹೋಗುತ್ತಿದ್ದ. ಮೊದಮೊದಲು ಗೆದ್ದ ದಿನ ಹೇಳುತ್ತಿದ್ದ, ಸೋತ ದಿನ ಸುಮ್ಮನಿರುತ್ತಿದ್ದ. ಆಮೇಲೆ ದಿನವೂ ಸುಮ್ಮನಿರತೊಡಗಿದ.

ಕಮಲಿಗೆ ಮೊದಲು ತಿಳಿದದ್ದು ಒಲೆಯ ಮುಂದೆ. ಬೋಟು ಬಂದರಿನ ಕಟ್ಟೆಗೆ, ಧಕ್ಕೆಗೆ ತಾಗಿದ ಮೇಲೆ ಅದರಲ್ಲಿ ಹೋದವರ ಪ್ರತಿ ಮನೆಗೂ ಪಳದಿಯ ಅಡುಗೆಗೆಂದು ಒಂದಿಷ್ಟು ಮೀನು ಕೊಡುವುದು ರೂಢಿ. ಒಂದು ಒಲೆಗೆ ಒಂದು ಪಾಲು. ಅಣ್ಣತಮ್ಮಂದಿರಿದ್ದರೆ ಅಣ್ಣ ಒಯ್ಯಬೇಕು. ಅದನ್ನು ಯಾರೂ ಮಾರುವುದಿಲ್ಲ. ತಾಂಡೇಲನ ಮನೆಯಲ್ಲಿ ಮೀನಿಲ್ಲ ಎಂದರೆ ಕೇರಿಯವರು ಕಾಯಿಲೆಯೇ ಎಂದು ಕೇಳಲು ಬರುತ್ತಾರೆ.

"ಇವತ್ತೂ ಬರೀ ಸಾರಾ?" ಎಂದು ಬೆಳ್ಳಿ ತಟ್ಟೆ ಹಿಂದಕ್ಕೆ ತಳ್ಳಿದಳು.

"ಮೀನೇ ಬೀಳ್ಲಿಲ್ಲ," ಎಂದ ಸೋಮ.

ದಾಸ ಅನ್ನ ಕಲಸುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದ. ಮತ್ತೆ ಕಲಸಿದ.

ದಾಸ ಎದ್ದು ಕೈ ತೊಳೆಯಲು ಹೋದಾಗ ಕಮಲಿ ಹಿಂದೆಯೇ ತಂಬಿಗೆ ಹಿಡಿದು ಹೋದಳು. "ದಾಸ, ಮೀನು ಬೀಳ್ಲಿಲ್ವಾ?"

"ಬಿತ್ತು, ಅತ್ತಿಗೆ. ಮನೆ ಪಾಲನ್ನ ಅಣ್ಣ ಧಕ್ಕೆಲೇ ಮಾರ್ದ."

ಕಮಲಿಗೆ ಹೆದರಿಕೆಯಾಯಿತು. ಅತ್ತೆಗೆ ಹೇಳಿದರೆ ಈರಮ್ಮ ತನ್ನ ಬುಟ್ಟಿಯಿಂದ ಒಂದು ಹಿಡಿ ಒಣ ಶೆಟ್ಲಿ ಸಿಗಡಿ ತೆಗೆದು ಕೊಟ್ಟು, "ಹುರ್ದು ಹಾಕು, ನಾಲ್ಕು ದಿನ. ಮಶೀನಿನ ಹೊಟ್ಟೆ ತುಂಬ್ತಾ ಬಂದದೆಯಂತೆ," ಎಂದಳು.

"ಅದ್ರ ಹೊಟ್ಟೆ ತುಂಬೂ ತನಕ ನಮ್ಮ ಹೊಟ್ಟೆಗೆ ಎಂತ ಮಾಡೂದು, ಅತ್ತೆ?"

"ಬಾಯಿ ಉದ್ದ ಆತು ನಿಂದು."

ಬಾಯಿ ಉದ್ದವಾಗಿದ್ದರೆ ಒಳ್ಳೆಯದೇ ಎಂದುಕೊಂಡು ಕಮಲಿ ಮರುದಿನ ನೇರ ಮಹಾಬಲನ ಅಂಗಡಿಗೆ ಹೋದಳು. ಹೆಂಗಸರು ಅಲ್ಲಿ ನಿಲ್ಲುವುದಿಲ್ಲ, ಅವಳು ನಿಂತಳು. ಮೂಲೆಯಲ್ಲಿ ಮಶೀನು ಕೆಂಪು, ಹಸಿರು ದೀಪ ಮಿಣುಕಿಸುತ್ತಿತ್ತು. ಶಿರಾಲಿಯ ಕಡೆಯ ಯಾರೋ ಲಾರಿ ಕ್ಲೀನರು ಒಂದೇ ಸಮನೆ ಹಿಡಿಕೆ ಜಗ್ಗುತ್ತಿದ್ದ.

"ಮಾಬಲಣ್ಣ, ನಮ್ಮನೆಯವ್ರು ಬಂದ್ರೆ ಬಿಡೂದು ಬೇಡ."

"ನಾ ಹೆಂಗೆ ಬೇಡ ಹೇಳ್ಲಿ, ತಂಗಿ? ಗಿರಾಕಿ ಅಲ್ದಾ?" ಮಹಾಬಲ ಕೆಟ್ಟವನಲ್ಲ, ಕಷ್ಟಕಾಲದಲ್ಲಿ ಕಡ ಕೊಟ್ಟು ಮರೆತುಬಿಡುವ ಪೈಕಿ. "ಮಶೀನು ನಂದಲ್ಲ. ಹುಬ್ಬಳ್ಳಿಯ ಕಂಪನಿಯಂವ ಇಟ್ಟು ಹೋದದ್ದು. ನಂಗೆ ಜಾಗದ ಬಾಡಿಗೆ ಮಾತ್ರ. ಕೀಲಿಕೈ ಸುದ್ದಾ ಅವ್ನ ಹತ್ರ."

"ಅದು ಎಷ್ಟು ನುಂಗ್ತದೆ, ಎಷ್ಟು ಕೊಡ್ತದೆ ಅಂತ ಎಲ್ಲಾದ್ರೂ ಬರ್ದದ್ಯಾ?"

"ಬರ್ದದ್ದು ಒಂದೇ. ನೋಡು." ಅವನು ಬೆರಳು ತೋರಿಸಿದ. ಗಾಜಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಮನರಂಜನೆಗೆ ಮಾತ್ರ' ಎಂದಿತ್ತು.

ಕಮಲಿ ಎರಡು ಸಲ ಓದಿದಳು. ಅವಳ ಮನೆಯಲ್ಲಿ ಯಾರಿಗೂ ಮನರಂಜನೆಯಾದದ್ದು ಅವಳು ಕಂಡಿರಲಿಲ್ಲ.

"ಹಾಂಗಾದ್ರೆ ಯಾರನ್ನ ಕೇಳೂದು?"

"ಯಾರನ್ನ ಕೇಳಿದ್ರೂ ಅಷ್ಟೇ. ಬಿಲ್ಲೆ ಅದೆ, ತೆರಿಗೆ ಕಟ್ಟಿದ್ರು. ಸೋಡಾ ಕುಡಿತ್ಯಾ?"

ಅವಳು ಸೋಡಾ ಕುಡಿಯಲಿಲ್ಲ. ಆ ಸಂಜೆ ಸೋಮನಿಗೆ ಸುದ್ದಿ ಮುಟ್ಟಿತ್ತು. ಹೆಂಡತಿ ಅಂಗಡಿಗೆ ಬಂದು ಮಾನ ಕಳೆದಳೆಂದು ಕೂಗಾಡಿ, ಉಣ್ಣದೆ ಎದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣದೆ ಮಲಗಿದರೆ ಏನು ಎಂದು ಯಾರೂ ಹೇಳಿಲ್ಲ.

ಮೇ ತಿಂಗಳು ಬಂತು. ಬೋಟಿಗೆ ರಜೆಯಿದ್ದ ಒಂದು ದಿನ ಕಮಲಿ ಬಟ್ಟೆ ಒಗೆಯಲು ಕೂತಾಗ ಗಂಡನ ಅಂಗಿಯ ಬಲ ಹೆಗಲಿಗೆ ಡೀಸೆಲ್ಲಿನ ಕಲೆಯಿತ್ತು. ಬೋಟಿಗೆ ಹೋದವರ ಬಟ್ಟೆಗೆ ಡೀಸೆಲ್ ವಾಸನೆ ಹೊಸತಲ್ಲ. ಆದರೆ ಇದು ಅವಳು ಒಗೆದಿಟ್ಟಿದ್ದ ಅಂಗಿ, ಬೆಳಿಗ್ಗೆ ಅವನು ಹಾಕಿಕೊಂಡು ಪೇಟೆಗೆಂದು ಹೋಗಿ ಬಂದದ್ದು. ಇಂಜಿನ್ನು ಮುಟ್ಟಿದವನಿಗೆ ಕೈಗೆ ಹತ್ತುತ್ತದೆ, ಹೊಟ್ಟೆಗೆ ಹತ್ತುತ್ತದೆ. ಹೆಗಲಿಗೆ ಹತ್ತುವುದು ಕ್ಯಾನು ಹೊತ್ತವನಿಗೆ. ಅವಳು ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ.

ಬಲೆ ಹೊಲಿಯುತ್ತ ಕೂತಿದ್ದ ದಾಸನ ಮುಂದೆ ಒದ್ದೆ ಅಂಗಿ ಹಿಡಿದಳು. "ನಿಮ್ಮಣ್ಣ ಡೀಸೆಲ್ ಎಲ್ಲಿಗೆ ಹೊರ್ತ್ರು?"

ದಾಸ ಮೂಸಿ ನೋಡಿದ. ಅವನ ಮುಖ ಸಪ್ಪಗಾಯಿತು.

"ಅತ್ತಿಗೆ, ಮೊನ್ನೆ ಅಳಿವೆ ಹತ್ರ ಇಂಜಿನ್ನು ಕೆಮ್ಮಿ ನಿಂತಿತ್ತು. ಅಣ್ಣ ಡೀಸೆಲಿಗೆ ನೀರು ಸೇರಿದೆ ಅಂದ. ನಾಲ್ಕು ಸಲ ತಿರುಗಿಸಿದ ಮೇಲೆ ಹೆಂಗೋ ಹಿಡೀತು. ನಾನೂ ನೀರೇ ಅಂದ್ಕೊಂಡೆ."

"ಟಾಂಕಿಲಿ ಎಷ್ಟಿತ್ತು?"

"ಟಾಂಕಿ ನೋಡೂದು ತಾಂಡೇಲ. ನಾವು ಇಣುಕಿದ್ರೆ ಅವ್ಮಾನ ಮಾಡ್ದಂಗೆ."

ಶರಾವತಿ ಕಡಲಿಗೆ ಸೇರುವ ಆ ಅಳಿವೆಯನ್ನು ಕೇರಿಯ ಮಕ್ಕಳೂ ಬಲ್ಲರು. ಮರಳಿನ ದಿಬ್ಬದ ಮೇಲೆ ಅಲೆ ಒಡೆಯುವ ಜಾಗ. ಇಂಜಿನ್ನಿನ ಬಲದಲ್ಲಿ ಮೂತಿ ನೇರ ಇಟ್ಟುಕೊಂಡು ನುಗ್ಗಿ ಒಳಗೆ ಬರಬೇಕು. ನಡುವೆ ಇಂಜಿನ್ನು ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟು ಮಗುಚುತ್ತದೆ. ಕೇರಿಯಲ್ಲಿ ಹಾಗೆ ಹೋದವರ ಮನೆಗಳು ಎಷ್ಟೋ ಇದ್ದವು.

"ನೀ ನಾಳೆ ಹೋಗೂದು ಬೇಡ, ದಾಸ."

"ನಾ ಹೋಗ್ದಿದ್ರೆ ಅಣ್ಣ ಹೋಗೂದಿಲ್ವಾ? ಉಳಿದವ್ರು? ನಾ ಇದ್ರೆ ಟಾಂಕಿ ಮೇಲೆ ಕಣ್ಣಾದ್ರೂ ಇಡ್ತೆ."

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಕಮಲಿ ಅಂಗಿಯನ್ನು ಅತ್ತೆಯ ಮುಂದೆಯೇ ಗಂಡನ ತೊಡೆಯ ಮೇಲೆ ಹಾಕಿದಳು.

"ಇದು ಎಂತದು ಹೇಳಿ."

"ಡೀಸೆಲ್ಲು. ತಾಂಡೇಲನ ಅಂಗಿಲಿ ಅತ್ತರು ಇರ್ತದ್ಯಾ?"

"ಬೋಟಿನ ಡೀಸೆಲ್ ಲಾರಿಯವ್ರಿಗೆ ಮಾರ್ತ್ರಿ ನೀವು."

"ಹೌದೋ ಸೋಮ?" ಈರಮ್ಮ ಕೇಳಿದಳು.

ಸೋಮ ತಾಯಿಯ ಕಣ್ಣಿಗೆ ಕಣ್ಣು ಕೊಡಲಿಲ್ಲ. "ಒಂದೆರಡು ಕ್ಯಾನು, ಅವ್ವಿ. ದಡಕ್ಕೆ ಬರೂಕೆ ಬೇಕಾದಷ್ಟು ಇಟ್ಟೇ ತೆಗೀತೆ. ನಂಗೆ ಅಂದಾಜು ಅದೆ. ಈ ವಾರ ಮಶೀನು ಕೊಟ್ರೆ ಟಾಂಕಿ ತುಂಬಿಸಿ ಇಡ್ತೆ. ನೀನೇ ಹೇಳಿದ್ಯಲ್ಲ, ಶಿಕ್ಕಾ ಬಿದ್ದದ್ದು ಕೊಡ್ಲೇಬೇಕು ಅಂತ."

ಈರಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. "ಹೇಳಿದ್ದು ಹೌದು. ಈಗಲೂ ಹೇಳ್ತೆ. ಆದ್ರೆ ಅದು ಕೊಡೂಕೆ ಇಷ್ಟು ತಡ ಮಾಡೂದು ಸರಿಯಲ್ಲ. ಶಿಕ್ಕಾ ಸಾಹೇಬ್ರು ಈ ವಾರ ಪೇಟೆಗೆ ಬತ್ರು. ಅವ್ರನ್ನೇ ಕರ್ದು ತೋರಿಸ್ತೆ. ತಪ್ಪಿದ್ರೆ ಕಂಪನಿಯವ್ನ ಕಿವಿ ಹಿಂಡ್ತ್ರು," ಎಂದಳು.

"ಅಲ್ಲೀ ತನಕ ಇವ್ರು ಬೋಟಿಗೆ ಹೋಗೂದು ಬೇಡ ಹೇಳಿ, ಅತ್ತೆ."

"ಬೋಟಿಗೆ ಹೋಗ್ದೆ ಗಂಡಸು ಮನೆಲಿ ಕೂತ್ರೆ ಕೇರಿ ಎಂತ ಹೇಳ್ತದೆ? ದಣಿಗೆ ಎಂತ ಹೇಳೂದು? ಮಗ ಕಳ್ಳ ಅಂತ ಹೇಳ್ಲ್ಯಾ?"

ಕಮಲಿ ಅಂಗಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ತೂಕದ ಸಾಹೇಬರು ಬಂದ ದಿನ ಬೆಳಿಗ್ಗೆ ಎಂದಿನಂತೆ ಬೋಟು ಹೋಗಿತ್ತು, ಅಣ್ಣತಮ್ಮ ಇಬ್ಬರೂ ಅದರಲ್ಲಿದ್ದರು. ಪೇಟೆಯ ಒಂದು ಜಗಲಿಯಲ್ಲಿ ಮೇಜು ಹಾಕಿದ್ದರು. ಅಂಗಡಿಕಾರರೆಲ್ಲ ಕಲ್ಲು, ತಕ್ಕಡಿ, ಎಣ್ಣೆಯ ಅಳತೆ ಹಿಡಿದು ಸಾಲು ನಿಂತಿದ್ದರು. ಈರಮ್ಮ ತನ್ನ ಕಲ್ಲುಗಳಿಗೆ ಶಿಕ್ಕಾ ಒತ್ತಿಸಿಕೊಂಡು ಅಲ್ಲೇ ನಿಂತಳು.

"ಇನ್ನೇನಮ್ಮ?"

"ಸಾಹೇಬ್ರೆ, ಒಂದು ಮಶೀನು ತೂಗಿ ನೋಡ್ಬೇಕಾಗಿತ್ತು. ನಿಮ್ದೇ ಶಿಕ್ಕಾ ಬಿದ್ದದೆ. ನುಂಗೂದೇ ಆತು, ಕೊಡೂದಿಲ್ಲ."

ಸಾಹೇಬರು ವಯಸ್ಸಾದವರು, ಧಾರವಾಡದ ಕಡೆಯವರು. ಚಹಾ ಕುಡಿಯುವ ಹೊತ್ತಾಗಿತ್ತು. ಎದ್ದು ಅವಳ ಹಿಂದೆಯೇ ಮಹಾಬಲನ ಅಂಗಡಿಗೆ ನಡೆದರು. ಕನ್ನಡಕ ಮೇಲೆ ಸರಿಸಿ ಬಿಲ್ಲೆ ಓದಿದರು.

"ಇದು ಶಿಕ್ಕಾ ಅಲ್ಲಮ್ಮ. ತೆರಿಗೆ ಕಟ್ಟಿದ್ದಕ್ಕೆ ಹೊಡೆಯೋ ಬಿಲ್ಲೆ. ಸೈಕಲ್ಲಿಗೆ ಹಾಕ್ತಾರಲ್ಲ, ಅಂಥಾದ್ದು."

"ಒಳಗೆ ಸರಿ ಅದೆ ಅಂತ ನೋಡಿ ಹೊಡ್ದದ್ದಲ್ವಾ?"

"ಒಳಗೆ ಯಾರೂ ನೋಡಿಲ್ಲ."

"ನೂರು ಹಾಕಿದ್ರೆ ಎಷ್ಟು ಕೊಡ್ಬೇಕು ಅಂತ ಇರ್ತದಲ್ಲ?"

"ಇಲ್ಲ. ನೂರಕ್ಕೆ ಒಂದೂ ಕೊಡದಿದ್ರೂ ಕೇಳೋರಿಲ್ಲ."

ಈರಮ್ಮ ಮಶೀನನ್ನೂ ಅವರನ್ನೂ ನೋಡಿದಳು. "ನನ್ನ ಕಲ್ಲು ಒಂದು ಶೆಟ್ಲಿಯಷ್ಟು ಕಮ್ಮಿ ತೂಗಿದ್ರೆ ನೀವು ದಂಡ ಹಾಕ್ತ್ರಿ."

"ಹೌದು, ಹಾಕ್ತೀನಿ."

"ಮತ್ತೆ ಇದಕ್ಕೆ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಇದಕ್ಕೆ ಎದುರು ತಟ್ಟೆಗೆ ಇಡೋ ಕಲ್ಲೇ ಇಲ್ಲಮ್ಮ. ಏನಿಟ್ಟು ತೂಗಲಿ? ಗಿರಾಕಿಗಳಿಗೆ ಅಂತ ದಿಲ್ಲಿಯೊಳಗ ಹೊಸ ಕಾನೂನು ಮಾಡ್ಯಾರಂತ ಪೇಪರಿನಾಗ ಓದೇನಿ. ಇಂಥಾದ್ದಕ್ಕೆ ಹತ್ತತದೋ ಇಲ್ಲೋ ಗೊತ್ತಿಲ್ಲ. ನಮ್ಮ ಕಡೆ ಇನ್ನೂ ಏನೂ ಬಂದಿಲ್ಲ."

"ಹಾಂಗಾದ್ರೆ ಅದು ಕೊಡೂದೇ ಇಲ್ವಾ?"

"ಆಸೆ ಹುಟ್ಟಿಸೋವಷ್ಟು ಕೊಡತದೆ."

ಈರಮ್ಮ ಸೋಡಾ ಪೆಟ್ಟಿಗೆಯ ಮೇಲೆ ಕೂತಳು. ಮಹಾಬಲ ನೀರು ಕೊಟ್ಟರೆ ಗ್ಲಾಸು ಪಕ್ಕಕ್ಕಿಟ್ಟಳು. ಅವಳಿಗೆ ಮಶೀನಿನ ಮೇಲೆ ಸಿಟ್ಟು ಬರಲಿಲ್ಲ, ಕಂಪನಿಯವನ ಮೇಲೂ ಬರಲಿಲ್ಲ. ಮಗನಿಗೆ ಧೈರ್ಯ ಕೊಟ್ಟವಳು ತಾನು. ಆ ಧೈರ್ಯದ ಮೇಲೆ ಅವನು ಇಬ್ಬರ ಜೀವವನ್ನೂ ಖಾಲಿ ಟಾಂಕಿಯಲ್ಲಿಟ್ಟುಕೊಂಡು ಕಡಲಿಗೆ ಹೋಗಿದ್ದಾನೆ. ಹೊರಗೆ ತೆಂಗಿನ ಗರಿಗಳು ಒಂದೇ ದಿಕ್ಕಿಗೆ ಬಾಗಿದ್ದವು. ಪಡುವಣ ಗಾಳಿ ಎದ್ದಿತ್ತು.

ಕಲ್ಲು, ತಕ್ಕಡಿ ಎಲ್ಲವನ್ನೂ ಅಲ್ಲೇ ಬಿಟ್ಟು ಅವಳು ಓಡಿದಳು. ಮನೆಯ ಮುಂದೆ ಅಕ್ಕಿ ಆರಿಸುತ್ತಿದ್ದ ಕಮಲಿಗೆ, "ಏಳು, ಧಕ್ಕೆಗೆ ಹೋಗ್ವ," ಎಂದಳು.

"ಎಂತಾತು, ಅತ್ತೆ?"

"ಅದು ಶಿಕ್ಕಾ ಅಲ್ಲ."

ಕಮಲಿ ಮೊರ ಇಟ್ಟು ಎದ್ದಳು. ಬೆಳ್ಳಿಯನ್ನು ಪಕ್ಕದ ಮನೆಗೆ ಬಿಟ್ಟು ಇಬ್ಬರೂ ಧಕ್ಕೆ ಸೇರಿದರು. ಗಾಳಿ ನೋಡಿ ಬೋಟುಗಳು ಬೇಗ ತಿರುಗಿದ್ದವು. ಅಳಿವೆಯಲ್ಲಿ ನೊರೆ ಬೆಳ್ಳಗೆ ಏಳುತ್ತಿತ್ತು. ಒಂದೊಂದೇ ಬೋಟು ಮೂತಿ ಎತ್ತಿ, ಮುಳುಗಿ, ಮತ್ತೆ ಎತ್ತಿ ಒಳಗೆ ಬರುತ್ತಿತ್ತು. ಬಂದ ಪ್ರತಿ ಬೋಟಿನವರನ್ನೂ ಕಮಲಿ ಕೇಳಿದಳು. ಬೆಳಿಗ್ಗೆ ಕಂಡಿದ್ದೆವು ಎಂದರು ಕೆಲವರು. ಬೊಮ್ಮನ ಬೋಟು ಹಿಂದಿದೆ, ಅದರ ಜೊತೆ ಇರಬಹುದು ಎಂದನೊಬ್ಬ. ಈರಮ್ಮ ಯಾರನ್ನೂ ಕೇಳಲಿಲ್ಲ. ಸೊಸೆಯ ಮೊಣಕೈ ಹಿಡಿದು ನಿಂತಿದ್ದಳು. ಅಲ್ಲಿ ಉಗುರಿನ ಗುರುತು ಬಿದ್ದಿತ್ತು. ಬೋಟಿನ ದಣಿಯೂ ಕೊಡೆ ಹಿಡಿದು ಬಂದ.

ಕಡೆಗೆ ಬೊಮ್ಮನ ಬೋಟು ಕಂಡಿತು. ಅದರ ಹಿಂದೆ ಹಗ್ಗದ ತುದಿಯಲ್ಲಿ ಇನ್ನೊಂದು ಬೋಟು ಎತ್ತೆತ್ತಲೋ ಹೊಯ್ದಾಡುತ್ತಿತ್ತು. ಅದರ ಇಂಜಿನ್ನಿಗೆ ಸದ್ದಿರಲಿಲ್ಲ. ದಿಬ್ಬದ ಮೇಲೆ ಬಂದಾಗ ಅದು ಅಡ್ಡ ತಿರುಗಿತು. ಹೆಂಗಸರು ಕೂಗಿದರು. ಒಂದು ಅಲೆ ಅದರ ಮೇಲಿಂದ ಹಾದುಹೋಯಿತು. ಹಗ್ಗ ಬಿಗಿಯಾಯಿತು, ಬೋಟು ನಿಧಾನವಾಗಿ ನೇರಕ್ಕೆ ಬಂತು, ಹೊಳೆಯ ಒಳಗೆ ಬಂತು. ಕಮಲಿ ತಲೆ ಎಣಿಸಿದಳು. ಎಲ್ಲರೂ ಇದ್ದರು.

ದಾಸನ ಬಲಗೈ ಬಟ್ಟೆಯಲ್ಲಿ ಸುತ್ತಿತ್ತು, ಬಟ್ಟೆ ಪೂರ್ತಿ ಕೆಂಪಾಗಿತ್ತು. ಎಳೆಯುವ ಹಗ್ಗಕ್ಕೂ ಬೋಟಿನ ಗೂಟಕ್ಕೂ ನಡುವೆ ಅವನ ಕೈ ಸಿಕ್ಕಿಕೊಂಡಿತ್ತಂತೆ. ಆದರೂ ಹಗ್ಗ ಬಿಡಲಿಲ್ಲವಂತೆ ಅವನು.

"ಡೀಸೆಲಿನಲ್ಲಿ ನೀರಿತ್ತು, ದಣೇರೆ," ಎಂದ ಸೋಮ, ಧಕ್ಕೆಗೆ ಕಾಲಿಡುತ್ತಲೇ.

"ಹಾಂಗಾದ್ರೆ ಡೀಸೆಲ್ ಕೊಟ್ಟವ್ನ ಹಿಡೀತೆ ನಾನು," ಎಂದ ದಣಿ. ಸುತ್ತಲಿನವರೂ ಹೌದು ಹೌದು ಎಂದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾಳೆ ಟಾಂಕಿ ತುಂಬುತ್ತಿತ್ತು, ನಾಡಿದ್ದು ಬೋಟು ಹೋಗುತ್ತಿತ್ತು. ಕಮಲಿ ಬಾಯಿ ತೆರೆಯುವುದರೊಳಗೆ ಈರಮ್ಮ ಮುಂದೆ ಬಂದಳು.

"ನೀರೂ ಇರ್ಲಿಲ್ಲ, ಡೀಸೆಲೂ ಇರ್ಲಿಲ್ಲ, ದಣೇರೆ. ನನ್ನ ಮಗ ಮಾರ್ಕೊಂಡ. ಇನ್ನು ಇವ್ನ ಕೈಗೆ ಬೋಟು ಕೊಡ್ಬೇಡಿ. ಯಾರೂ ಕೊಡ್ಬೇಡಿ."

ಸೋಮ ತಾಯಿಯನ್ನು ನೋಡಿ, ತಲೆ ತಗ್ಗಿಸಿ ಮನೆಯ ದಾರಿ ಹಿಡಿದ.

ಆಸ್ಪತ್ರೆಯಲ್ಲಿ ದಾಸನ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ಎರಡು ಬೆರಳು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಕಮಲಿ ಗಂಜಿ ಬಡಿಸಿದಳು. ಬೊಮ್ಮನ ಹೆಂಡತಿ ಕೊಟ್ಟುಹೋಗಿದ್ದ ಮೀನಿನ ಪಳದಿ ಇತ್ತು. ಈರಮ್ಮ ಚಿಕ್ಕ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮುಳ್ಳು ಬಿಡಿಸಿ, ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಎದುರಿಗೆ ಸೋಮ ಉಣ್ಣುತ್ತಿದ್ದ. ಮಳೆಗಾಲ ಹತ್ತಿರವಿತ್ತು. ಇನ್ನು ಎರಡು ತಿಂಗಳು ಯಾವ ಬೋಟೂ ಇಳಿಯುವುದಿಲ್ಲ, ಗಂಡಸರೆಲ್ಲ ಮನೆಯಲ್ಲೇ. ಹೇಗೂ ಜೀವ ಉಳಿಯಿತಲ್ಲ ಎಂದು ಕಮಲಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

"ಇವತ್ತು ಹೋಗೂಕಾಗ್ಲಿಲ್ಲ," ಎಂದ ಸೋಮ, ತಟ್ಟೆಯಿಂದ ತಲೆ ಎತ್ತದೆ.

"ಎಲ್ಲಿಗೆ?" ಎಂದಳು ಕಮಲಿ.

"ನಿನ್ನೆ ಎರಡು ಮಾವಿನಹಣ್ಣು ಬಂದು ನಿಂತಿತ್ತು. ಮೂರನೇದು ಅರ್ಧ ಕಾಣ್ತಿತ್ತು. ಇವತ್ತು ಬೀಳ್ತಿತ್ತು ಅದು. ಇನ್ನು ಯಾರಿಗೋ ಬೀಳ್ತದೆ."

ಅವನು ತಮ್ಮನ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಈರಮ್ಮನ ಕೈಯಲ್ಲಿನ ತುತ್ತು ದಾಸನ ಬಾಯಿಯ ಹತ್ತಿರ ನಿಂತಿತು. ದಾಸ ಬಾಯಿ ಮುಚ್ಚಿಕೊಂಡ.

"ಅದು ಶಿಕ್ಕಾ ಅಲ್ಲ, ಸೋಮ. ನಾ ತಪ್ಪು ಹೇಳ್ದೆ. ಸಾಹೇಬ್ರು ಓದಿ ಹೇಳಿದ್ರು," ಎಂದಳು ಈರಮ್ಮ.

"ಅವ್ರಿಗೆ ಎಂತ ಗೊತ್ತು? ಅವ್ರು ಜಗ್ಗಿ ನೋಡಿದ್ರಾ?"

ಈರಮ್ಮ ತುತ್ತನ್ನು ತಟ್ಟೆಗೆ ಹಾಕಿದಳು. "ಕಮಲಿ, ಬಾಗ್ಲು ಹಾಕು."

ಹೊರಗೆ ಇನ್ನೂ ಬೆಳಕಿತ್ತು. ಆ ಹೊತ್ತಿಗೆ ಕೇರಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಕಮಲಿ ಎದ್ದು ಬಾಗಿಲು ಮುಚ್ಚಿ ಅಗುಳಿ ಹಾಕಿದಳು.

"ಎಷ್ಟು ದಿನ ಹಾಕ್ತ್ರಿ?" ಎಂದು ಸೋಮ ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ, ಗಾಳಿ ಯಾವಾಗ ಇಳಿಯುತ್ತದೆ ಎಂದು ಕೇಳುವ ಹಾಗೆ ಕೇಳಿದ.

ಅವನು ಬೆರಳು ನೆಕ್ಕಿ, ಇನ್ನೊಂದಿಷ್ಟು ಗಂಜಿ ಕೇಳಿದ. ಬಡಿಸಬೇಕಾದರೆ ಬಾಗಿಲು ಬಿಟ್ಟು ಒಲೆಯ ಹತ್ತಿರ ಹೋಗಬೇಕು. ಕಮಲಿ ಅಗುಳಿಯ ಮೇಲಿಂದ ಕೈ ತೆಗೆಯಲಿಲ್ಲ.